ವಿವರಿಸದ ಗುರು

ಗುರುವಿಗೆ ಶಿಷ್ಯರ ನುಡಿ ಬಾರದು. ಶಿಷ್ಯರಿಗೆ ಗುರುವಿನ ನುಡಿ ತಿಳಿಯದು. ಅಂತಹ ತರಗತಿಯಲ್ಲಿ ಪಾಠವು ನಡೆಯುವುದೆಂತು? ಈ ಪ್ರಶ್ನೆಗೆ ಉತ್ತರವನ್ನು ಕಂಡುಕೊಂಡವನು ಜೋಸೆಫ್ ಜಾಕೊತೊ.

ಜಾಕೊತೊ 1770ರಲ್ಲಿ ಫ್ರಾನ್ಸ್ ದೇಶದ ದಿಜೋನ್ ನಗರದಲ್ಲಿ ಜನಿಸಿದನು. ಮಹಾಕ್ರಾಂತಿಯ ಕಾಲದಲ್ಲಿ ಫಿರಂಗಿ ದಳದಲ್ಲಿ ಸೇವೆ ಸಲ್ಲಿಸಿ, ಬಳಿಕ ಅಧ್ಯಾಪಕನಾಗಿ ಹೆಸರು ಗಳಿಸಿದನು. 1815ರಲ್ಲಿ ಬೂರ್ಬೋನ್ ಅರಸರು ಮತ್ತೆ ಅಧಿಕಾರಕ್ಕೆ ಬಂದುದರಿಂದ ಅವನು ತಾಯ್ನಾಡನ್ನು ತೊರೆಯಬೇಕಾಯಿತು. 1818ರಲ್ಲಿ ಅವನಿಗೆ ಲೂವೇನ್ ವಿಶ್ವವಿದ್ಯಾನಿಲಯದಲ್ಲಿ ಫ್ರೆಂಚ್ ಸಾಹಿತ್ಯದ ಉಪನ್ಯಾಸಕನ ಕೆಲಸ ದೊರೆಯಿತು. ಇಂದು ಬೆಲ್ಜಿಯಮ್ಮಿನಲ್ಲಿರುವ ಆ ಊರು ಆಗ ನೆದರ್ಲೆಂಡ್ಸ್ ರಾಜ್ಯಕ್ಕೆ ಸೇರಿತ್ತು. ಅಲ್ಲಿನ ಅನೇಕ ವಿದ್ಯಾರ್ಥಿಗಳಿಗೆ ಫ್ರೆಂಚ್ ಬಾರದು; ಅವನಿಗೆ ಡಚ್ ಬಾರದು.

ಆಗ ಫೆನೆಲೋನನ ‘ತೆಲೆಮಾಕ್’ ಎಂಬ ಗ್ರಂಥವು ಡಚ್ ಅನುವಾದದೊಡನೆ ಪ್ರಕಟವಾಗಿತ್ತು. ಜಾಕೊತೊ ಅದನ್ನು ಶಿಷ್ಯರ ಕೈಗಿತ್ತು, ಅನುವಾದದ ನೆರವಿನಿಂದ ಮೂಲವನ್ನು ಕಲಿಯಬೇಕೆಂದು ದುಭಾಷಿಯ ಮೂಲಕ ತಿಳಿಸಿದನು. ಮೊದಲನೆಯ ಅಧ್ಯಾಯದ ಅರ್ಧದವರೆಗೆ ಅವರು ಕಲಿತದ್ದನ್ನು ಮತ್ತೆಮತ್ತೆ ಒಪ್ಪಿಸಬೇಕಾಗಿತ್ತು. ಉಳಿದುದನ್ನು ಓದಿ ಕಥೆ ಹೇಳಬಲ್ಲವರಾದರೆ ಸಾಕಾಗಿತ್ತು. ಕೊನೆಗೆ, ಓದಿದುದರ ಬಗೆಗೆ ತಮ್ಮ ಅಭಿಪ್ರಾಯವನ್ನು ಫ್ರೆಂಚಿನಲ್ಲಿಯೇ ಬರೆಯುವಂತೆ ಸೂಚಿಸಿದನು.

ತಪ್ಪುಗಳ ರಾಶಿಯನ್ನೇ ನಿರೀಕ್ಷಿಸಿದ್ದ ಅವನಿಗೆ ಅಚ್ಚರಿ ಕಾದಿತ್ತು. ಶಿಷ್ಯರು ಸೊಗಸಾಗಿ ಬರೆದಿದ್ದರು. ಅವನು ಅವರಿಗೆ ವ್ಯಾಕರಣದ ಒಂದು ಸೂತ್ರವನ್ನೂ ವಿವರಿಸಿರಲಿಲ್ಲ. ತಾಯ್ನುಡಿಯನ್ನು ಊರುಗೋಲಾಗಿ ಹಿಡಿದು, ಹೋಲಿಸಿ ನೋಡುತ್ತ, ಅವರು ತಾವಾಗಿಯೇ ದಾರಿ ಕಂಡುಕೊಂಡಿದ್ದರು. ವಿವರಿಸುವುದೇ ಗುರುವಿನ ಧರ್ಮವೆಂಬ ಅವನ ಹಳೆಯ ನಂಬಿಕೆ ಅಂದು ಅಲುಗಿತು.

ಈ ಅನುಭವದಿಂದ ಅವನು ‘ಸಾರ್ವತ್ರಿಕ ಬೋಧನೆ’ ಎಂಬ ಪದ್ಧತಿಯನ್ನು ರೂಪಿಸಿದನು. ಎಲ್ಲರ ಬುದ್ಧಿಯೂ ಸಮಾನವೆಂಬ ಅವನ ವಾದವನ್ನು ಹಲವು ವಿದ್ವಾಂಸರು ಒಪ್ಪಲಿಲ್ಲ. ಆದರೂ ಅವನು ಹಿಂಜರಿಯಲಿಲ್ಲ. 1830ರ ಕ್ರಾಂತಿಯ ಬಳಿಕ ಸ್ವದೇಶಕ್ಕೆ ಮರಳಿ, 1840ರಲ್ಲಿ ಪ್ಯಾರಿಸಿನಲ್ಲಿ ನಿಧನನಾದನು. ಅನುವಾದವು ಹೊಳೆಗೆ ಕಟ್ಟಿದ ಸೇತುವೆ. ದಾಟುವ ಕಾಲುಗಳು ಮಾತ್ರ ಕಲಿಯುವವನವೇ ಆಗಿರಬೇಕು. ಜಾಕೊತೊನ ಬಾಳು ನಮಗೆ ತಿಳಿಸುವುದು ಇದನ್ನೇ.