ಪವರ್ ಸ್ಟಿಯರಿಂಗಿನ ಜನಕ ಫ್ರಾನ್ಸಿಸ್ ಡೇವಿಸ್

ಘಟ್ಟದ ತಿರುವುಗಳಲ್ಲಿ ಬಸ್ಸಿನ ಚಾಲಕರು ಸೀಟಿನಿಂದ ಅರ್ಧ ಎದ್ದು, ಮೈಭಾರವೆಲ್ಲ ಹಾಕಿ ಸ್ಟಿಯರಿಂಗ್ ತಿರುಗಿಸುತ್ತಿದ್ದುದನ್ನು ನಾವು ಚಿಕ್ಕಂದಿನಲ್ಲಿ ಅವರ ಬೆನ್ನ ಹಿಂದಿನ ಸೀಟಿನಲ್ಲಿ ಕುಳಿತು ಬೆರಗಿನಿಂದ ನೋಡಿದ್ದುಂಟು. ಇಂದು ಅಷ್ಟೇ ದೊಡ್ಡ ಬಸ್ಸು ಅದೇ ತಿರುವಿನಲ್ಲಿ ಸಲೀಸಾಗಿ ಹೊರಳುತ್ತದೆ. ಈ ಸೌಕರ್ಯದ ಹಿಂದೆ ಅಮೆರಿಕದ ಫ್ರಾನ್ಸಿಸ್ ಡೇವಿಸ್ ಎಂಬ ಇಂಜಿನಿಯರರ ದೀರ್ಘ ದುಡಿಮೆ ಇದೆ.

1887ರಲ್ಲಿ ಜನಿಸಿದ ಡೇವಿಸ್ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಇಂಜಿನಿಯರಿಂಗ್ ಕಲಿತು, ಬಫೆಲೋ ನಗರದ ಪಿಯರ್ಸ್-ಆರೋ ಮೋಟಾರು ಕಂಪೆನಿಯನ್ನು ಸೇರಿದರು. ಅಲ್ಲಿ ಲಾರಿ ವಿಭಾಗದ ಮುಖ್ಯ ಇಂಜಿನಿಯರರಾದರು. ಭಾರ ಹೇರಿದ ಲಾರಿಯ ಮುಂದಿನ ಚಕ್ರಗಳನ್ನು ತಿರುಗಿಸುವುದು ಎಂಥ ತ್ರಾಸದ ಕೆಲಸವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. 1922ರಲ್ಲಿ ಆ ಭದ್ರವಾದ ಉದ್ಯೋಗವನ್ನು ಬಿಟ್ಟು, ಮೆಸಾಚುಸೆಟ್ಸ್ ಪ್ರಾಂತದ ವಾಲ್ಥಮ್ ಊರಿನ ಒಂದು ಸಣ್ಣ ಕಾರ್ಯಾಗಾರದಲ್ಲಿ ಜಾರ್ಜ್ ಜೆಸಪ್ ಎಂಬ ನುರಿತ ಕುಶಲಕರ್ಮಿಯೊಡನೆ ಪ್ರಯೋಗಕ್ಕೆ ತೊಡಗಿದರು.

ಎಣ್ಣೆಯ ಒತ್ತಡದಿಂದ ಚಕ್ರ ತಿರುಗಿಸುವ ಯೋಚನೆ ಸರಳ. ಕಷ್ಟವಿದ್ದುದು ಸೋರಿಕೆಯಲ್ಲಿ. ಕೊಳವೆಗಳಲ್ಲಿ ಸದಾಕಾಲ ಹೆಚ್ಚಿನ ಒತ್ತಡವಿದ್ದರೆ ಎಷ್ಟು ಬಿಗಿ ಮಾಡಿದರೂ ಎಲ್ಲಿಂದಲಾದರೂ ಎಣ್ಣೆ ಜಿನುಗುತ್ತದೆ. ಡೇವಿಸ್ ಇದನ್ನು ತಿರುವುಮುರುವು ಮಾಡಿದರು. ಅವರ ವ್ಯವಸ್ಥೆಯಲ್ಲಿ ಕವಾಟ ತೆರೆದೇ ಇರುತ್ತದೆ. ವಾಹನ ನೇರ ಸಾಗುವಾಗ ಪಂಪು ಕಳುಹಿಸಿದ ಎಣ್ಣೆ ಸುಮ್ಮನೆ ಸುತ್ತಿ ಮರಳುತ್ತದೆ. ಚಾಲಕ ಸ್ಟಿಯರಿಂಗ್ ತಿರುಗಿಸಿದಾಗ ಮಾತ್ರ ಕವಾಟ ಎಣ್ಣೆಯ ದಾರಿಯನ್ನು ಕಟ್ಟುತ್ತದೆ. ಆಗ ಏರಿದ ಒತ್ತಡ ಪಿಸ್ಟನನ್ನು ಅವನಿಗೆ ಬೇಕಾದ ಕಡೆಗೇ ದೂಡುತ್ತದೆ. ಇಷ್ಟೇ ಉಪಾಯ. ಆದರೆ ಅದಕ್ಕೆ ರೂಪ ಕೊಡಲು ವರ್ಷಗಳೇ ಹಿಡಿದವು.

1926ರಲ್ಲಿ ತಮ್ಮ ಪಿಯರ್ಸ್-ಆರೋ ಕಾರಿಗೆ ಅದನ್ನು ಜೋಡಿಸಿ ಡೆಟ್ರಾಯಿಟಿಗೆ ಒಯ್ದು ತೋರಿಸಿದರು. ಜನರಲ್ ಮೋಟಾರ್ಸ್ ಕಂಪೆನಿ ಒಪ್ಪಂದ ಮಾಡಿಕೊಂಡಿತು. ಅಷ್ಟರಲ್ಲಿ ಬಂದುದು ಆರ್ಥಿಕ ಕುಸಿತ. ಖರ್ಚು ಗಿಟ್ಟದೆಂದು ಲೆಕ್ಕ ಹಾಕಿ 1934ರಲ್ಲಿ ಕಂಪೆನಿ ಕೈಬಿಟ್ಟಿತು. 1936ರಲ್ಲಿ ಡೇವಿಸರು ಬೆಂಡಿಕ್ಸ್ ಸಂಸ್ಥೆಯನ್ನು ಆಶ್ರಯಿಸಿದರು. ಕೊನೆಗೆ ಅವರ ಯಂತ್ರಕ್ಕೆ ಬೇಡಿಕೆ ತಂದುದು ಯುದ್ಧ! ಭಾರದ ಕವಚದ ವಾಹನಗಳನ್ನು ತೋಳ್ಬಲದಿಂದ ತಿರುಗಿಸುವುದು ಸುಲಭವಿರಲಿಲ್ಲ. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ 10,000ಕ್ಕೂ ಹೆಚ್ಚು ಸೇನಾ ವಾಹನಗಳಲ್ಲಿ ಅದು ಕೂತಿತ್ತು.

ಆದರೂ ಸಾಮಾನ್ಯರು ಕೊಳ್ಳುವ ಕಾರಿಗೆ ಅದು ಬರಲಿಲ್ಲ. ಇತ್ತ ಪೇಟೆಂಟುಗಳ ಅವಧಿ ತೀರುತ್ತ ಬಂತು. ಮಂಜೂರಾದಂದಿನಿಂದ 17 ವರ್ಷ, ಅದು ಆಗಿನ ಅಲ್ಲಿನ ಕಾನೂನು. 1951ರಲ್ಲಿ ಕ್ರೈಸ್ಲರ್ ಕಂಪೆನಿ ತನ್ನ ಇಂಪೀರಿಯಲ್ ಕಾರಿನಲ್ಲಿ ಪವರ್ ಸ್ಟಿಯರಿಂಗ್ ತಂದಿತು; ಆಧಾರವಾದುವು ಡೇವಿಸರ ಅವಧಿ ಮೀರಿದ ಪೇಟೆಂಟುಗಳೇ. ಕಾನೂನಿನಲ್ಲಿ ತಪ್ಪಿಲ್ಲ, ನಿಜ. ಆದರೆ ನೆಟ್ಟವನು ನೋಡುತ್ತಿದ್ದಂತೆ ಬೇಲಿ ಬಿದ್ದ ತೋಟದಿಂದ ಫಲ ಕೊಯ್ದ ಹಾಗಾಯಿತೆಂದೇ ನಮಗೆ ತೋರುತ್ತದೆ. ಪ್ರತಿಸ್ಪರ್ಧಿ ಮುಂದೆ ಹೋದುದನ್ನು ಕಂಡ ಜನರಲ್ ಮೋಟಾರ್ಸ್ ಮತ್ತೆ ಡೇವಿಸರತ್ತ ತಿರುಗಿತು. 1952ರ ಕ್ಯಾಡಿಲಾಕ್ ಕಾರುಗಳಿಗೆ ಅದು ಬಂತು. 1953ರ ವೇಳೆಗೆ ಅಂಥ ಕಾರುಗಳು ಹತ್ತು ಲಕ್ಷ ಮುಟ್ಟಿದ್ದವು. ಡೇವಿಸರು ಇದನ್ನೆಲ್ಲ ಕಣ್ಣಾರೆ ಕಂಡು 1978ರಲ್ಲಿ, 90ರ ವಯಸ್ಸಿನಲ್ಲಿ ತೀರಿಕೊಂಡರು.

ಆ ಕಾಲದ ಕಾರುಗಳನ್ನು ಮುತುವರ್ಜಿಯಿಂದ ಉಳಿಸಿಕೊಂಡ ಹವ್ಯಾಸಿಗಳು ಇಂದಿಗೂ ಇದ್ದಾರೆ. ಅವರು ಹೆಣಗುವುದೂ ಡೇವಿಸರು ಹೆಣಗಿದ ಸೋರಿಕೆಯೊಡನೆಯೇ. ಪಂಪು, ಕೊಳವೆ, ಗೇರ್ ಪೆಟ್ಟಿಗೆಗಳನ್ನು ಕಳಚಿ ಬಿಚ್ಚುತ್ತಾರೆ. ಕಲ್ಲಿನಂತೆ ಗಡುಸಾದ ರಬ್ಬರ್ ಬಳೆಗಳನ್ನೂ ಸೀಲುಗಳನ್ನೂ ತೆಗೆದು ಹೊಸತನ್ನು ಕೂರಿಸುತ್ತಾರೆ. ಧೂಳಿನ ಒಂದು ಕಣವೂ ಒಳಗೆ ಉಳಿಯಕೂಡದು. ಮತ್ತೆ ಜೋಡಿಸಿ, ಎಣ್ಣೆ ತುಂಬಿ, ಮುಂದಿನ ಚಕ್ರಗಳನ್ನು ಜಾಕಿಯಲ್ಲಿ ಎತ್ತಿ, ಗುಳ್ಳೆಗಳು ನಿಲ್ಲುವ ತನಕ ಸ್ಟಿಯರಿಂಗನ್ನು ಎಡಕ್ಕೂ ಬಲಕ್ಕೂ ಮೆಲ್ಲನೆ ತಿರುಗಿಸುತ್ತಾರೆ. ಮರುದಿನ ಬೆಳಿಗ್ಗೆ ಎದ್ದು ಮೊದಲು ನೋಡುವುದು ಕಾರಿನಡಿಯ ನೆಲದಲ್ಲಿ ಎಣ್ಣೆಯ ಕಲೆ ಇದೆಯೇ ಎಂದು.