ಗೌಹರ್ ಜಾನ್: ಮೂರು ನಿಮಿಷದ ಗಾನ

1873ರಲ್ಲಿ ಆಜಂಗಢದಲ್ಲಿ ಜನಿಸಿದ ಗೌಹರ್ ಜಾನ್ ಅವರ ತಾಯಿ ಮಲ್ಕಾ ಜಾನ್ ಕೂಡ ಗಾಯಕಿ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಅವರ ಧ್ವನಿಯನ್ನು ಮುದ್ರಿಸಿಕೊಂಡರು. ದೀರ್ಘವಾಗಿ ವಿಸ್ತರಿಸಬಲ್ಲ ಖಯಾಲು, ಠುಮರಿಗಳನ್ನು ಸುಮಾರು ಮೂರು ನಿಮಿಷಕ್ಕೆ ಅಡಕಗೊಳಿಸಿ, ಕೊನೆಯಲ್ಲಿ ಅವರು ತಮ್ಮ ಹೆಸರು ಹೇಳುತ್ತಿದ್ದರು. ಹ್ಯಾನೋವರಿನಲ್ಲಿ ಧ್ವನಿಮುದ್ರಿಕೆ ತಯಾರಿಸುವವರಿಗೆ ಅದೇ ಗುರುತು.

ಹಾಡು ಮುಗಿದೊಡನೆ ಕೇಳುಗರೇ ಎದ್ದು ಮುಳ್ಳನ್ನೆತ್ತಬೇಕಿತ್ತು. ಮುಂದೆ, ಒಳಸುತ್ತಿಗೆ ಬಂದ ಮುಳ್ಳಿನ ತೋಳೇ ಸನ್ನೆಯನ್ನು ತಳ್ಳಿ, ಬ್ರೇಕು ಬಿದ್ದು, ತಿರುಗುವ ತಟ್ಟೆ ತಾನಾಗಿ ನಿಲ್ಲುವ ಸಾಧನಗಳು ಬಂದವು.

ಐಶ್ವರ್ಯ ಕರಗಿದ ಕಾಲದಲ್ಲಿ, 1928ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ಅವರಿಗೆ ಮೈಸೂರಿನಲ್ಲಿ ಆಸ್ಥಾನದ ಆಶ್ರಯವಿತ್ತರು. 1930ರ ಜನವರಿ 17ರಂದು ಅಲ್ಲಿಯೇ ಅವರು ನಿಧನರಾದರು. ಕೀಲಿ ಕೊಟ್ಟಾಗಲೆಲ್ಲ ಅವರ ಧ್ವನಿ ಮಾತ್ರ ಮತ್ತೆ ಮೊದಲಿನಿಂದ ಹಾಡಿತು.