ದೀಪ ಸಣ್ಣಗೆ ಮಾಡಿ ಕೇಳಿದ ದೆವ್ವದ ಕಥೆಗಳು

ದೆವ್ವದ ಕಥೆ ಎಂದರೆ ರಕ್ತ, ಕೋರೆಹಲ್ಲು ಎಂದುಕೊಂಡವರು ಒಮ್ಮೆ ಲಫ್ಕಾಡಿಯೊ ಹರ್ನ್ ಅವರ ‘ಕ್ವೈದಾನ್’ ಓದಬೇಕು. 1904ರಲ್ಲಿ ಇಂಗ್ಲಿಷಿನಲ್ಲಿ ಬಂದ ಜಪಾನಿ ಕಥೆಗಳ ಪುಸ್ತಕ ಇದು. ಗದ್ದಲ ಕಡಿಮೆ. ಆದರೆ ಓದಿ ಮಲಗಿದ ಮೇಲೆ ಹಿತ್ತಿಲ ಬಾಗಿಲು ಹಾಕಿದ್ದೇವೆಯೇ ಎಂದು ಮತ್ತೆ ಎದ್ದು ನೋಡುವಂತಾಗುತ್ತದೆ.

ಹರ್ನ್ ಹುಟ್ಟಿದ್ದು 1850ರಲ್ಲಿ, ಗ್ರೀಸ್ ಕಡೆಯ ಲೆಫ್ಕಾಡ ದ್ವೀಪದಲ್ಲಿ. ತಾಯಿ ಗ್ರೀಕ್ ಹೆಣ್ಣುಮಗಳು, ತಂದೆ ಬ್ರಿಟಿಷ್ ಸೇನೆಯ ಐರಿಷ್ ವೈದ್ಯ. ಎರಡು ವರ್ಷದ ಮಗುವನ್ನು ಡಬ್ಲಿನ್‌ಗೆ ಕರೆತಂದರು. ಇಂಗ್ಲಿಷ್ ಬಾರದ ತಾಯಿ ಅಲ್ಲಿ ನಿಲ್ಲಲಾಗದೆ 1854ರಲ್ಲಿ ಊರಿಗೆ ಮರಳಿದರು. ಮಗ ಮತ್ತೆ ಅವರನ್ನು ನೋಡಲೇ ಇಲ್ಲ. ತಂದೆ ಮರುಮದುವೆಯಾಗಿ ನಮ್ಮ ಸಿಕಂದರಾಬಾದಿನ ದಂಡಿಗೆ ಬಂದರು. 1866ರಲ್ಲಿ ಹಿಂದಿರುಗುವಾಗ ಹಡಗಿನಲ್ಲೇ ತೀರಿಕೊಂಡರು.

ಹುಡುಗನನ್ನು ಸಾಕಿದ್ದು ದೊಡ್ಡಜ್ಜಿ. ಕತ್ತಲೆಯ ಹೆದರಿಕೆ ಬಿಡಿಸಲೆಂದು ರಾತ್ರಿ ದೀಪವಿಲ್ಲದ ಕೋಣೆಯಲ್ಲಿ ಮಲಗಿಸಿ ಹೊರಗಿನಿಂದ ಬೀಗ ಹಾಕುತ್ತಿದ್ದರು. ಹೆದರಿಕೆ ಬಿಡಲಿಲ್ಲ, ಬೇರೂರಿತು. ಒಂದು ಸಂಜೆ ಮನೆಯ ಪರಿಚಿತ ಹೆಂಗಸೊಬ್ಬಳನ್ನು ಕರೆದಾಗ ಆಕೆ ತಿರುಗಿದಳು, ಮುಖವೇ ಇರಲಿಲ್ಲ ಎಂದು ಹರ್ನ್ ಮುಂದೆ ಬರೆದಿದ್ದಾರೆ. ‘ಮುಜಿನ’ ಕಥೆಯಲ್ಲಿ ಬರುವುದೂ ಮುಖವಿಲ್ಲದ ಹೆಂಗಸೇ.

ಹದಿನಾರನೇ ವಯಸ್ಸಿಗೆ ಶಾಲೆಯಲ್ಲಿ ಆಡುವಾಗ ಎಡಗಣ್ಣು ಹೋಯಿತು. 1869ರಲ್ಲಿ ಅಮೆರಿಕಕ್ಕೆ ಹೋಗಿ, ಉಪವಾಸ ವನವಾಸ ಅನುಭವಿಸಿ, ಸಿನ್ಸಿನಾಟಿಯಲ್ಲಿ ಪತ್ರಿಕಾ ವರದಿಗಾರರಾದರು. ಕೊಲೆ ಪ್ರಕರಣಗಳ ವರದಿಯಲ್ಲಿ ಹೆಸರು ಮಾಡಿದರು.

1890ರಲ್ಲಿ ಜಪಾನಿಗೆ ಬಂದು ಮತ್ಸುಯೆ ಪಟ್ಟಣದಲ್ಲಿ ಇಂಗ್ಲಿಷ್ ಮೇಷ್ಟ್ರಾದರು. ಮರುವರ್ಷ ಬಡತನಕ್ಕಿಳಿದ ಸಮುರಾಯ್ ಮನೆತನದ ಸೆತ್ಸು ಬಾಳಸಂಗಾತಿಯಾದರು. ಆಕೆಗೆ ಇಂಗ್ಲಿಷ್ ಬಾರದು, ಇವರಿಗೆ ಜಪಾನಿ ಪುಸ್ತಕ ಓದಲು ಬಾರದು. ಇಬ್ಬರೂ ಸೇರಿ ತಮ್ಮದೇ ಒಂದು ಹರಕು ಮುರುಕು ಜಪಾನಿ ಮಾಡಿಕೊಂಡರು. ಮನೆಯಲ್ಲೊಂದು, ಸಂತೆಯಲ್ಲೊಂದು ಭಾಷೆ ಆಡುವ ಗಡಿನಾಡಿನವರಿಗೆ ಇದು ಬೇಗ ತಿಳಿದೀತು.

ಸೆತ್ಸು ಹಳೇ ಪುಸ್ತಕದ ಅಂಗಡಿ ಹುಡುಕಿ ಕಥೆ ತರುತ್ತಿದ್ದರು. ರಾತ್ರಿ ದೀಪ ಸಣ್ಣಗೆ ಮಾಡಿ ಹೇಳಬೇಕು. ಪುಸ್ತಕ ನೋಡಿ ಓದುವಂತಿಲ್ಲ, ಆಕೆಯದೇ ಮಾತಿನಲ್ಲಿ ಬರಬೇಕು. ಆ ದನಿ ಹೇಗಿತ್ತು, ಆ ಹೆಜ್ಜೆ ಸದ್ದು ಹೇಗಿತ್ತು ಎಂದು ಹರ್ನ್ ಮತ್ತೆ ಮತ್ತೆ ಕೇಳುತ್ತಿದ್ದರು. ಹೇಳಿ ಹೇಳಿ ಆಕೆಗೇ ಕೆಟ್ಟ ಕನಸು ಬೀಳತೊಡಗಿದವು.

‘ಕ್ವೈದಾನ್’ನ ಮೊದಲ ಕಥೆ ಕುರುಡ ಗಾಯಕ ಹೋಯಿಚಿಯದು. ಯುದ್ಧದಲ್ಲಿ ಸತ್ತವರ ದೆವ್ವಗಳು ರಾತ್ರಿ ಅವನನ್ನು ಸಮಾಧಿಗಳ ನಡುವೆ ಕೂರಿಸಿ ಹಾಡಿಸುತ್ತವೆ. ಅದನ್ನು ಬರೆಯುತ್ತಿದ್ದ ದಿನಗಳಲ್ಲಿ ಹರ್ನ್ ಕತ್ತಲಾದರೂ ದೀಪ ಹಚ್ಚುತ್ತಿರಲಿಲ್ಲ. ಪಕ್ಕದ ಕೋಣೆಯಿಂದ ಪತ್ನಿ ಮೆಲ್ಲಗೆ ಹೋಯಿಚಿ ಎಂದು ಕರೆದರೆ, ಒಂದೇ ಕಣ್ಣಿನ ಈ ಮನುಷ್ಯ ಕುರುಡ ಹೋಯಿಚಿಯಾಗಿಯೇ ಓಗೊಟ್ಟರು.

ಹೆಂಡತಿ ಮಕ್ಕಳಿಗೆ ಆಸ್ತಿ ಹಕ್ಕು ತಪ್ಪಬಾರದೆಂದು 1896ರಲ್ಲಿ ಜಪಾನಿನ ಪ್ರಜೆಯಾಗಿ ಕೊಯಿಜುಮಿ ಯಾಕುಮೊ ಎನಿಸಿಕೊಂಡರು. ಟೋಕಿಯೊ ವಿಶ್ವವಿದ್ಯಾಲಯದಲ್ಲಿ 1903ರವರೆಗೆ ಪಾಠ ಮಾಡಿದರು. ‘ಕ್ವೈದಾನ್’ ಹೊರಬಂದ ಕೆಲವೇ ತಿಂಗಳಿಗೆ, 1904ರ ಸೆಪ್ಟೆಂಬರ್ 26ರಂದು ಹೃದಯಾಘಾತದಿಂದ ನಿಧನರಾದರು. ವಯಸ್ಸು 54.

ಹೊಸಬರು ಹೋಯಿಚಿಯ ಕಥೆ ಓದಿ, ಆಮೇಲೆ ಹಿಮದ ಹೆಂಗಸಿನ ‘ಯುಕಿ-ಒನ್ನ’ಕ್ಕೆ ಹೋಗಬಹುದು. ಅದನ್ನು ಮಾತ್ರ ಗಟ್ಟಿಯಾಗಿ ಓದಿಸಿಕೊಂಡು ಕೇಳಿದರೆ ಇನ್ನೂ ಚೆನ್ನ.